ಹನ್ನೆರಡರ ಕೆಳಗಿನ ಮುಳ್ಳು

ರಾತ್ರಿ ಎರಡೂವರೆಗೆ ಕೆಳಗಿನಿಂದ ಸಣ್ಣ ಸದ್ದು ಬಂತು. ಪ್ಲಾಸ್ಟಿಕ್ ಡಬ್ಬಿಯೊಳಗೆ ನೀರಿನ ಎಳೆ ಬೀಳುವಂಥ ಸದ್ದು. ಸ್ಮಿತಾ ಉಸಿರು ಹಿಡಿದು ಕೇಳಿದಳು. ಹತ್ತು ಎಣಿಸುವಷ್ಟರಲ್ಲಿ ಅದು ನಿಂತಿತು. ಪಕ್ಕದಲ್ಲಿ ಸಂಗಮೇಶ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ಎಚ್ಚರವಾಗಿಲ್ಲ ಎಂದು ಖಚಿತವಾದ ಮೇಲೆಯೇ ಅವಳು ಉಸಿರು ಬಿಟ್ಟಳು.

ಐದು ಗಂಟೆಗೆ ಎದ್ದು ದೀಪ ಹಾಕದೆ ಬೇಸ್‌ಮೆಂಟಿಗೆ ಇಳಿದಳು. ಬಾಯ್ಲರ್ ಎಂದರೆ ಗೋಡೆಗೆ ತೂಗುಹಾಕಿದ ಒಂದು ಬಿಳಿ ಪೆಟ್ಟಿಗೆ. ಕೋಣೆಗಳನ್ನು ಬಿಸಿ ಮಾಡುವುದೂ ಅದೇ, ನಲ್ಲಿಗೆ ಬಿಸಿನೀರು ಕೊಡುವುದೂ ಅದೇ. ಫೋನಿನ ಬೆಳಕನ್ನು ಅದರ ಕೆಳಗೆ ನೀರಿನ ಒತ್ತಡ ತೋರಿಸುವ ಗೇಜಿನ ಮೇಲೆ ಬಿಟ್ಟಳು. ಮುಳ್ಳು ಒಂಬತ್ತರ ಮೇಲಿತ್ತು. ಅದು ಹನ್ನೆರಡಕ್ಕಿಂತ ಕೆಳಗಿರಬಾರದು. ಏಳಕ್ಕೆ ಇಳಿದರೆ ಬಾಯ್ಲರ್ ತಾನೇ ಬಂದ್ ಆಗುತ್ತದೆ. ಅವಳು ನೀರು ತುಂಬುವ ಕೊಳವೆಯ ಹಿಡಿಕೆಯನ್ನು ಸ್ವಲ್ಪವೇ ತಿರುಗಿಸಿ, ಮುಳ್ಳು ಹದಿನಾಲ್ಕಕ್ಕೆ ಏರಿದ ಮೇಲೆ ಮತ್ತೆ ಮುಚ್ಚಿದಳು. ಕೈ ಒರೆಸಿಕೊಂಡು ಮೇಲೆ ಬಂದು ಹಾಲು ಕಾಯಲು ಇಟ್ಟಳು.

ಸಂಗಮೇಶ್ ಆರಕ್ಕೆ ಎದ್ದು, ಹಲ್ಲುಜ್ಜುವ ಮೊದಲೇ ಕೆಳಗಿಳಿದು ಮುಳ್ಳು ನೋಡುತ್ತಿದ್ದ. ಅದು ಕೆಳಗಿದ್ದ ದಿನ ಮನೆಯಲ್ಲಿ ಯಾರಿಗಾದರೂ ಪೆಟ್ಟು ಬೀಳುತ್ತಿತ್ತು.

ಇದು ಶುರುವಾದದ್ದು ಜನವರಿಯ ಎರಡನೆಯ ವಾರ. ಪಕ್ಕದ ಊರು ಕ್ಯಾಂಟನ್‌ನಲ್ಲಿದ್ದ ಅವರ ಪರಿಚಯದವರ ಮನೆಗಳಿಗೆಲ್ಲ ಬಿಸಿಗಾಳಿಯ ಫರ್ನೇಸ್ ಇತ್ತು. ಸಂಗಮೇಶ್ ಮಾತ್ರ ನಾರ್ತ್‌ವಿಲ್‌ನಲ್ಲಿ ಅರವತ್ತು ವರ್ಷದ ಹಳೆಯ ಮನೆ ಕೊಂಡಿದ್ದ. ಕೋಣೆಗೊಂದು ಎರಕದ ಕಬ್ಬಿಣದ ರೇಡಿಯೇಟರ್. ಅವುಗಳೊಳಗೆ ಬಿಸಿನೀರು ಸುತ್ತುತ್ತಿತ್ತು. ಹಳೆಯ ಬಾಯ್ಲರ್ ಕೀಳಿಸಿ ಈ ಕಾಂಬಿ ಬಾಯ್ಲರ್ ಹಾಕಿಸಿದ್ದ. ಊಟಕ್ಕೆ ಬಂದವರನ್ನೆಲ್ಲ ಬೇಸ್‌ಮೆಂಟಿಗೆ ಕರೆದೊಯ್ದು ತೋರಿಸುತ್ತಿದ್ದ. ಕಾರಿನ ಎಂಜಿನ್ ತಂಪು ಮಾಡುವ ಭಾಗಗಳನ್ನು ವಿನ್ಯಾಸ ಮಾಡುವುದು ಅವನ ಉದ್ಯೋಗ. ನೀರು ಕಡಿಮೆಯಾದರೆ ತಾನಾಗಿ ತುಂಬಿಕೊಳ್ಳುವ ಏರ್ಪಾಡು ಬಾಯ್ಲರಿಗೆ ಇತ್ತು. ಹಾಗೆ ತುಂಬಿಕೊಂಡರೆ ಸೋರಿಕೆ ಗೊತ್ತೇ ಆಗುವುದಿಲ್ಲ ಎಂದು ಅದನ್ನು ಅವನೇ ಬಂದ್ ಮಾಡಿಸಿದ್ದ.

ಮುಳ್ಳು ಮೂರನೆಯ ಸಲ ಇಳಿದಾಗ ಮೆಕ್ಯಾನಿಕ್ ಬಂದ. ಬಾಯ್ಲರಿಗೆ ಜೋಡಿಸಿದ್ದ ಒತ್ತಡದ ಟ್ಯಾಂಕಿನ ಗಾಳಿ ಪರೀಕ್ಷಿಸಿದ. ಸೇಫ್ಟಿ ವಾಲ್ವಿನ ಕೊಳವೆಯ ಕೆಳಗೆ ಕಾಗದ ಇಟ್ಟು ಒಂದು ಗಂಟೆ ಕಾದ. ಕಾಗದ ಒಣಗಿಯೇ ಇತ್ತು. ಬಾಯ್ಲರಿನಲ್ಲಿ ದೋಷವಿಲ್ಲ, ನೀರು ಮನೆಯೊಳಗೇ ಎಲ್ಲೋ ಹೋಗುತ್ತಿದೆ ಎಂದು ಹೇಳಿ ಹೊರಟುಹೋದ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಸಂಗಮೇಶ್ ಸುತ್ತಿಗೆ ಹಿಡಿದು ಕುರ್ಚಿ ಹತ್ತಿದ.

"ಉಂಡು ಮಾಡ್ಕೋಳೋ ಯಪ್ಪಾ" ಎಂದಳು ಅವನ ತಾಯಿ ಜಯದೇವಿ. ಅವಳೂ ಗಂಡ ಶರಣಪ್ಪನೂ ಅಕ್ಟೋಬರಿನಲ್ಲಿ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. "ಬಿಸಿ ರೊಟ್ಟಿ ಆರ್ತದ."

ಅವನು ಮೇಜಿನ ನೇರಕ್ಕೆ ಸೂರಿಗೆ ಹೊಡೆದ. ಸುಣ್ಣದ ಹಲಗೆ ಒಡೆದು ಬಿಳಿ ಪುಡಿ ಎಣ್ಣೆಗಾಯಿಯ ಮೇಲೆ ಬಿತ್ತು. ಮತ್ತೆ ಹೊಡೆದ. ತಲೆಯಷ್ಟು ದೊಡ್ಡ ತೂತಾಯಿತು. ಒಳಗೆ ಕೈ ಹಾಕಿ ತಾಮ್ರದ ಕೊಳವೆಯನ್ನು ಸವರಿದ. ಒಣಗಿತ್ತು. ಕುರ್ಚಿ ಸರಿಸಿ ಇನ್ನೊಂದು ಕಡೆ ಹೊಡೆದ.

"ಹಗಲಿಡೀ ಮನ್ಯಾಗ ಕೂತು ನೋಡೀನಿ. ಹಗಲು ಇಳಿಯಂಗಿಲ್ಲ. ರಾತ್ರಿ ಇಳೀತದ" ಎಂದ. "ರಾತ್ರಿ ಮಾತ್ರ ಸೋರೋ ಪೈಪ್ ಎಲ್ಲಿ ಅದ?"

ಶರಣಪ್ಪ ರೊಟ್ಟಿಯ ಮೇಲಿನ ಪುಡಿಯನ್ನು ಬೆರಳಿನಿಂದ ಕೊಡವಿದ. "ರಾತ್ರಿನೇ ಪ್ರೆಶರ್ ಜಾಸ್ತಿ ಇರ್ತದಪ್ಪಾ. ಊರು ಮಲಗಿದಾಗ ನೀರು ಬಳಸೋರು ಇರಂಗಿಲ್ಲ. ಆಗ ಲೈನ್ ಕಾಯಬೇಕು."

"ಅಪ್ಪಾ, ಇದು ನಿಮ್ಮ ಪುರಸಭೆ ನಲ್ಲಿ ಅಲ್ಲ. ಸುಮ್ನ ಉಣ್ಣ್ರಿ."

ಶರಣಪ್ಪ ಕಲಬುರ್ಗಿ ಕಡೆಯ ಒಂದು ಸಣ್ಣ ಊರಿನಲ್ಲಿ ನೀರು ಬಿಡುವ ವಾಲ್ವ್‌ಮನ್ ಆಗಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ಅವನು ಸುಮ್ಮನೆ ಉಂಡ.

ಹದಿನೈದರ ಮಗಳು ಮೇಧಾ ತಟ್ಟೆಯಿಂದ ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: "ಡ್ಯಾಡ್, ಮೇಬಿ ಕಾಲ್ ಸಂವನ್ ಹೂ ನೋಸ್."

ಸಂಗಮೇಶ್ ಕುರ್ಚಿಯಿಂದ ಇಳಿದ. ಅವಳ ಮುಂದಿನ ಸ್ಟೀಲ್ ತಟ್ಟೆಯನ್ನು ಎತ್ತಿ ಬೀಸಿದ. ಅದು ಅವಳ ಕಿವಿಯಿಂದ ಒಂದು ಗೇಣು ಆಚೆ ಗೋಡೆಗೆ ಬಡಿದು, ನೆಲದಲ್ಲಿ ಗರಗರ ತಿರುಗಿ ನಿಂತಿತು. ಪಲ್ಯದ ಎಣ್ಣೆ ಗೋಡೆಯ ಮೇಲೆ ಇಳಿಯಿತು.

"ಗೊತ್ತಿರೋರು" ಎಂದ ಅವನು. "ಈ ಮನ್ಯಾಗ ಗೊತ್ತಿರಾಂವ ನಾನ್ ಒಬ್ಬನೇ."

ಸ್ಮಿತಾ ಎದ್ದು ಬಟ್ಟೆ ತಂದು ಗೋಡೆ ಒರೆಸಿದಳು. ಮೇಧಾ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡು ಮುದುಡಿ ಕೂತಿದ್ದಳು. ಸ್ಮಿತಾ ಅದನ್ನು ನೋಡಿದಳು, ಸಂಗಮೇಶನೂ ನೋಡಿದ. ಅವನು ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತ.

ಮಾರನೆಯ ದಿನದಿಂದ ಸ್ಮಿತಾ ಐದಕ್ಕೆ ಏಳತೊಡಗಿದಳು. ಹೊಡೆತ ಅವಳಿಗೆ ಹೊಸದಲ್ಲ. ಹದಿನೇಳು ವರ್ಷದಲ್ಲಿ ಎಷ್ಟು ಸಲ ಎಂದು ಅವಳು ಲೆಕ್ಕ ಇಟ್ಟಿರಲಿಲ್ಲ. ಮೇಧಾಳ ಮೇಲೆ ಮಾತ್ರ ಅವನು ಇನ್ನೂ ಕೈ ಮಾಡಿರಲಿಲ್ಲ. ತಟ್ಟೆ ಬೀಸಿದ ಆ ಒಂದು ಗೇಣಿನ ಅಂತರ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ಅವನು ಏಳುವ ಮೊದಲು ಮುಳ್ಳು ಹನ್ನೆರಡರ ಮೇಲಿದ್ದರೆ ಸಾಕು, ಆ ದಿನ ಮಗಳು ಸುರಕ್ಷಿತವಾಗಿ ಬಸ್ಸು ಹತ್ತುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮೂರು ವಾರ ಹಾಗೆ ನಡೆಯಿತು. ಸಂಗಮೇಶ್ ಬೆಳಿಗ್ಗೆ ಗೇಜು ನೋಡಿ, ತುಟಿ ಒತ್ತಿ, ಕಾಫಿ ಕುಡಿದು ಆಫೀಸಿಗೆ ಹೋಗುತ್ತಿದ್ದ. ಸೂರಿನ ತೂತುಗಳನ್ನು ಮುಚ್ಚಲಿಲ್ಲ. ಅವುಗಳಿಂದ ಆಗಾಗ ಪುಡಿ ಉದುರುತ್ತಿದ್ದುದರಿಂದ ಜಯದೇವಿ ಪಾತ್ರೆಗಳ ಮೇಲೆಲ್ಲ ಮುಚ್ಚಳ ಇಟ್ಟು ಬಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ, ಸೊಸೆ ಬಟ್ಟೆ ಮಡಚುತ್ತಿದ್ದರು.

"ಈ ಮುದುಕನ ಲುಂಗಿ ನೋಡು" ಎಂದಳು ಜಯದೇವಿ. ಅಂಚಿನಲ್ಲಿ ಕಪ್ಪು ಕಲೆಗಳಿದ್ದವು. "ಎರಡು ಸಲ ಹಾಕೀನಿ ಮಷಿನ್ನಾಗ, ಹೋಗವಲ್ದು. ಎಲ್ಲಿ ಹೋಗಿ ಹತ್ತಿಸ್ಕೊಂಡು ಬರ್ತಾನೋ."

"ಗ್ಯಾರೇಜಲ್ಲಿ ಕೂತ್ಕೋತಾರಲ್ಲ ಅತ್ತೆ, ಅಲ್ಲೇ ಗ್ರೀಸ್ ಹತ್ತಿರಬೇಕು."

"ಕೂಡ್ಲಿ ಬಿಡು. ಒಳಗ ಕೂತ್ರ ಮಗಾ ಬೈತಾನ." ಜಯದೇವಿ ಲುಂಗಿಯನ್ನು ಬಡಿದು ಮಡಚಿದಳು. "ನೀ ಮೊನ್ನೆ ಶೈಲಾಗ ಫೋನ್ ಮಾಡಿದ್ದೆಂತ?"

ಶೈಲಾ ಸಂಗಮೇಶನ ತಂಗಿ, ಬೇರೆ ರಾಜ್ಯದ ಲೊಂಬಾರ್ಡ್‌ನಲ್ಲಿದ್ದಳು. ಮೇಧಾಳನ್ನು ಒಂದೆರಡು ತಿಂಗಳು ನಿಮ್ಮಲ್ಲಿ ಇಟ್ಟುಕೊಳ್ಳಬಹುದೇ ಎಂದು ಸ್ಮಿತಾ ಕೇಳಿದ್ದಳು. ಸ್ಕೂಲು ಬಿಡಿಸೋದು ಬೇಡ ಅತ್ತಿಗೆ, ಅಣ್ಣ ಮೊದಲಿಂದ ಹಂಗೇ ಅಲ್ಲವಾ ಎಂದಿದ್ದಳು ಶೈಲಾ.

"ಸುಮ್ನೆ ಮಾತಾಡ್ಸಿದೆ."

"ಮನಿ ಮಾತು ಹೊರಗ ಹಾಕಬ್ಯಾಡವಾ. ನನ್ನ ಮಗಾ ಹಗಲು ರಾತ್ರಿ ದುಡಿತಾನ, ಸಿಟ್ಟು ಬರ್ತದ. ಇವರು ನನಗ ಹೊಡೀಲಿಲ್ಲೇನು?" ಜಯದೇವಿ ಕೂದಲು ಸರಿಸಿ ಹಣೆಯ ಮೇಲಿನ ಹಳೆಯ ಗುರುತು ತೋರಿಸಿದಳು. "ತಾಮ್ರದ ಕೊಡ. ತುಂಬಿದ ಕೊಡ ಮತ್ತ, ಖಾಲಿದಲ್ಲ. ಆಮ್ಯಾಲ ನೀರು ಚೆಲ್ಲಿತು ಅಂತ ಮತ್ತೊಮ್ಮಿ ಹೊಡದ್ರು." ಅವಳು ನಕ್ಕಳು. "ನಾ ಯಾರ ಮುಂದ ಹೇಳೀನಿ?"

ಸ್ಮಿತಾ ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಎದ್ದಳು.

ಫೆಬ್ರವರಿಯ ಒಂದು ಮಂಗಳವಾರ ಆರು ಗಂಟೆಗೆ ಸಂಗಮೇಶ್ ಕೆಳಗಿನಿಂದ ಕೂಗಿದ. "ಎಲ್ಲಾರೂ ಬರ್ರಿ ಇಲ್ಲಿ."

ನೀರು ತುಂಬುವ ಹಿಡಿಕೆಗೆ ಅವನು ಹಿಂದಿನ ರಾತ್ರಿ ಕೂದಲೆಳೆಯಷ್ಟು ತೆಳ್ಳಗೆ ಪಾರದರ್ಶಕ ಟೇಪು ಅಂಟಿಸಿದ್ದ. ಕತ್ತಲೆಯಲ್ಲಿ ಸ್ಮಿತಾಳಿಗೆ ಅದು ಕಂಡಿರಲಿಲ್ಲ. ಈಗ ಟೇಪು ಹರಿದು ಎರಡು ತುಂಡಾಗಿ ತೂಗುತ್ತಿತ್ತು.

"ಯಾರು ಮುಟ್ಟೀರಿ?"

ಶರಣಪ್ಪ ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದ. ಜಯದೇವಿ ಶಾಲು ಹೊದ್ದುಕೊಂಡಿದ್ದಳು. ಮೇಧಾ ಸಾಕ್ಸ್ ಇಲ್ಲದೆ ತಣ್ಣನೆ ನೆಲದ ಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಸಂಗಮೇಶ್ ಅವಳ ಕಡೆ ತಿರುಗಿದ.

"ನಿನಗ ಭಾಳ ಮಜಾ ಅನ್ನಿಸ್ತದಲ್ಲ? ಫೋನ್ ಕಸಗೊಂಡೆ ಅಂತ ಹಿಂಗ ಮಾಡ್ಲತ್ತೀ?"

"ಐ ಡಿಡಂಟ್ ಟಚ್ ಎನಿಥಿಂಗ್."

ಅವನು ಅವಳ ಬಲಗೈಯನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುಗಿಸಿದ. ಮೇಧಾ ಮೊದಲು ಬಾಯಿ ತೆರೆದಳು, ಆಮೇಲೆ ಸದ್ದು ಬಂತು. ಅವನು ಇನ್ನಷ್ಟು ಮೇಲೆತ್ತಿದ. ಅವಳು ತುದಿಗಾಲಲ್ಲಿ ನಿಂತಳು.

"ನಾನು" ಎಂದಳು ಸ್ಮಿತಾ. "ನಾನೇ ಮುಟ್ಟಿದ್ದು. ಬಿಡಿ ಅವಳನ್ನ. ದಿನಾ ಬೆಳಿಗ್ಗೆ ನಾನೇ ನೀರು ತುಂಬ್ಸ್ತಾ ಇದ್ದೆ."

ಅವನು ಮೇಧಾಳನ್ನು ಬಿಟ್ಟ. ಅವಳು ನೆಲಕ್ಕೆ ಕುಸಿದಳು.

"ಎಷ್ಟು ದಿನದಿಂದ?"

"ಮೂರು ವಾರ."

"ಮೂರು ವಾರ ನಾ ಸುಳ್ಳು ನಂಬರ್ ನೋಡ್ಕೋತ ಕೂತೀನಿ."

ಮೊದಲ ಏಟು ಕೆನ್ನೆಗೆ, ಎರಡನೆಯದು ಬಾಯಿಗೆ. ಮೂರನೆಯದಕ್ಕೆ ಅವನು ಮುಷ್ಟಿ ಕಟ್ಟಿದ್ದ. ಸ್ಮಿತಾಳ ತುಟಿ ಒಡೆದು ನೈಟಿಯ ಮೇಲೆ ರಕ್ತ ಬಿತ್ತು. ಅವಳು ಬೀಳುವಾಗ ಕಂಡದ್ದು ಮಾವನ ಪಾದಗಳು. ಅವು ಅಲ್ಲಿಂದ ಕದಲಲಿಲ್ಲ. ಚಪ್ಪಲಿಯ ಮೇಲೆ, ಹೆಬ್ಬೆರಳ ಪಕ್ಕದಲ್ಲಿ, ಲುಂಗಿಯ ಅಂಚಿನಲ್ಲಿದ್ದಂಥದೇ ಕಪ್ಪು ಹನಿಗಳು ಒಣಗಿದ್ದವು.

"ಸಾಕು ಬಿಡೋ" ಎಂದಳು ಜಯದೇವಿ. "ಆಫೀಸಿಗೆ ಹೊತ್ತಾಯ್ತು ನಿಂಗ."

ಎರಡು ದಿನ ಮೇಧಾ ಸ್ಕೂಲಿಗೆ ಹೋಗಲಿಲ್ಲ. ಮೂರನೆಯ ದಿನ ಹೋದಾಗ ಬಲಗೈಯಲ್ಲಿ ಪೆನ್ಸಿಲ್ ಹಿಡಿಯಲಾಗಲಿಲ್ಲ. ಸ್ಕೂಲಿನ ಕೌನ್ಸಿಲರ್ ಫೋನ್ ಮಾಡಿ ಸಂಜೆ ನಾಲ್ಕಕ್ಕೆ ತಂದೆ ತಾಯಿ ಬರಬೇಕೆಂದಳು.

ಕಾರಿನಲ್ಲಿ ಸಂಗಮೇಶ್ ರಸ್ತೆ ನೋಡುತ್ತಲೇ ಹೇಳಿದ: "ಬೇಸ್‌ಮೆಂಟ್ ನೆಲ ಒದ್ದೆ ಇತ್ತು, ಜಾರಿದಳು ಅನ್ನು. ಅಷ್ಟೇ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ನಿನ್ನ ಬಾಯಿ ಬಗ್ಗೆ ಕೇಳಿದ್ರ ಅವಳನ್ನ ಹಿಡೀಲಿಕ್ಕ ಹೋಗಿ ನಾನೂ ಬಿದ್ದೆ ಅನ್ನು. ಒಮ್ಮೆ ಅಂದು ತೋರಿಸು."

"ಬೇಸ್‌ಮೆಂಟ್ ನೆಲ ಒದ್ದೆ ಇತ್ತು. ಜಾರಿದಳು."

"ಇಂಗ್ಲಿಷಿನಾಗ."

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಸ್ಕೂಲಿನಲ್ಲೂ ಅದನ್ನೇ ಹೇಳಿದಳು. ಕೌನ್ಸಿಲರ್ ಅವಳ ತುಟಿಯನ್ನು ನೋಡಿ, ಆಮೇಲೆ ಸಂಗಮೇಶನ ಕೈಗಳನ್ನು ನೋಡಿದಳು. "ಇನ್ನೊಂದು ಸಲ ಹೀಗಾದರೆ ನಾನು ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸಲೇಬೇಕಾಗುತ್ತದೆ" ಎಂದಳು. ಮೇಧಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ತಾಯಿಯೊಡನೆ ನಾಲ್ಕು ದಿನ ಮಾತಾಡಲಿಲ್ಲ.

ಶನಿವಾರ ಸಂಗಮೇಶ್ ಕ್ಯಾಂಟನ್‌ಗೆ ದಿನಸಿ ತರಲು ಹೋದಾಗ ಸ್ಮಿತಾ ಗ್ಯಾರೇಜಿಗೆ ಚಹಾ ಒಯ್ದಳು. ಶರಣಪ್ಪ ಕೋಟು, ಮಂಕಿಕ್ಯಾಪು ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದ. ಅವಳು ಚಹಾದ ಜೊತೆ ಒಂದು ದೊಡ್ಡ ಮೊಸರಿನ ಡಬ್ಬಿಯನ್ನೂ ಅವನ ಮುಂದಿಟ್ಟಳು. ಅದರ ತಳದಲ್ಲಿ ರೇಡಿಯೇಟರ್ ನೀರಿನ ಕಪ್ಪು ತುಕ್ಕಿನ ಗಸಿ ಇತ್ತು.

"ಬಾಯ್ಲರ್ ಹಿಂದೆ ಸಿಕ್ತು, ಮಾವ."

ಅವನು ಚಹಾ ಮುಟ್ಟಲಿಲ್ಲ.

"ರಾತ್ರಿ ನೀವೇ ನೀರು ಬಿಡ್ತಾ ಇದೀರಾ?"

"ಪೈಪು ಬಡೀತಾವವಾ. ಟಕ್ ಟಕ್ ಅಂತಾವ. ಮೇಧಾನ ಮಂಚದ ಕೆಳಗಿಂದ ಹಾದು ಹೋಗ್ಯಾದ ಆ ಲೈನ್. ಪ್ರೆಶರ್ ತಡೀಲಾರದೆ ಒಡದ್ರ?"

"ಅದು ಕಬ್ಬಿಣ ಬಿಸಿಯಾಗಿ ಹಿಗ್ಗೋ ಸದ್ದು. ಏನೂ ಆಗಲ್ಲ."

"ನಮ್ಮೂರಾಗೂ ಹಂಗೇ ಅಂದ್ರು ಎಂಜಿನಿಯರ್ ಸಾಹೇಬ್ರು." ಅವನು ಡಬ್ಬಿಯನ್ನು ಕುರ್ಚಿಯ ಕೆಳಗೆ ತಳ್ಳಿದ. "ರಾತ್ರಿ ಹನ್ನೊಂದಕ್ಕ ಹಳ್ಳದ ಕಡೆ ವಾಲ್ವ್ ಒಂದು ಸುತ್ತು ಬಿಟ್ಟು ಪ್ರೆಶರ್ ಇಳಸೂದು ನನ್ನ ಕೆಲಸ. ಒಂದಿನ ಜ್ವರ ಬಂದಿತ್ತು, ಹೋಗಲಿಲ್ಲ. ದೊಡ್ಡ ಲೈನ್ ಒಡೀತು. ಒಂದು ಮನಿ ಗೋಡಿ ಬಿತ್ತು. ಗೋಡಿಗ ಹತ್ತಿ ಇಬ್ಬರು ಹುಡುಗ್ಯಾರು ಮಲಗಿದ್ರು. ನಾನೇ ಮಣ್ಣು ತಗದೀನಿ."

ಸ್ಮಿತಾ ಚಹಾದ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

"ಮೇಧಾಳ ಕೈ ತಿರುಗಿಸಿದಾಗ ನೀವು ಅಲ್ಲೇ ಇದ್ರಿ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೌದು."

"ಯಾಕೆ ಹೇಳ್ಲಿಲ್ಲ?"

ಶರಣಪ್ಪ ಮಂಕಿಕ್ಯಾಪನ್ನು ತೆಗೆದ. ಕಿವಿಯ ಹಿಂದೆ ಒಣಗಿದ ಒಂದು ಗಾಯದ ಗುರುತು ಇತ್ತು. "ಸಂಕ್ರಾಂತಿ ದಿನ. ಎಳ್ಳು ಬೆಲ್ಲ ಚೆಲ್ಲಿದೆ ಅಂತ. ನಿಮ್ಮತ್ತಿಗೂ ಗೊತ್ತಿಲ್ಲ." ಟೋಪಿಯನ್ನು ಮತ್ತೆ ಹಾಕಿಕೊಂಡ. "ನಾ ಅವನಿಗ ಭಾಳ ಹೊಡದೀನವಾ ಸಣ್ಣಾಂವ ಇದ್ದಾಗ. ಈಗ ಅವನ ಮುಂದ ನಿಂತ್ರ ನನ್ನ ಕಾಲು ನಡಗ್ತಾವ."

"ಇನ್ನು ಮುಟ್ಟಬೇಡಿ ಅದನ್ನ. ಮೇಧಾ ಮೇಲೆ ಆಣೆ ಹಾಕಿ."

"ಆಣಿ ಬ್ಯಾಡ. ಮುಟ್ಟಂಗಿಲ್ಲ. ಅವನಿಗ ಹೇಳ್ತೀಯೇನು?"

"ಹೇಳಲ್ಲ. ಚಹಾ ಆರ್ತಿದೆ, ಕುಡೀರಿ."

ಅವನು ಮಾತು ಉಳಿಸಿಕೊಂಡ. ಎಂಟು ದಿನ ಮುಳ್ಳು ಹದಿನಾಲ್ಕರಿಂದ ಇಳಿಯಲಿಲ್ಲ. ತಾನು ತಾಯಿ ಮಗಳಿಬ್ಬರಿಗೂ ಬುದ್ಧಿ ಕಲಿಸಿದ್ದರಿಂದಲೇ ಸರಿಹೋಯಿತೆಂದು ಸಂಗಮೇಶ್ ಊಟದ ಹೊತ್ತಿನಲ್ಲಿ ಎರಡು ಸಲ ಹೇಳಿದ.

ಒಂಬತ್ತನೆಯ ದಿನ ಭಾನುವಾರ. ರಾತ್ರಿಯಿಡೀ ಹಿಮ ಬಿದ್ದು ಬೆಳಿಗ್ಗೆ ನಿಂತಿತ್ತು. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ಬಾಯ್ಲರ್ ನಡುರಾತ್ರಿಯಿಂದ ಒಂದು ಸಲವೂ ನಿಂತಿರಲಿಲ್ಲ. ಎಲ್ಲ ಕೋಣೆಗಳಲ್ಲೂ ಕಬ್ಬಿಣ ಟಕ್ ಟಕ್ ಎನ್ನುತ್ತಿತ್ತು. ಸಂಗಮೇಶ್ ಹತ್ತು ಗಂಟೆಗೆ ಹಿಮ ತೆಗೆಯುವ ಮಷಿನ್ ಹಿಡಿದು ಹೊರಗೆ ಹೋದ. ಜಯದೇವಿ ಅಡಿಗೆಮನೆಯಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಸ್ಮಿತಾ ಮೇಧಾಳ ಕೋಣೆಯಲ್ಲಿ ಹಾಸಿಗೆಯ ಚಾದರ ಬದಲಿಸುತ್ತಿದ್ದಳು.

ಶರಣಪ್ಪ ರೇಡಿಯೇಟರಿನ ಪಕ್ಕ ಕೂತಿದ್ದವನು ಎದ್ದು, ಕೂತು, ಮತ್ತೆ ಎದ್ದ. ಗೇಜು ನೋಡಿ ಬರಲೆಂದಷ್ಟೇ ಕೆಳಗಿಳಿದ. ನೀರು ಕುದಿಯುವಷ್ಟು ಬಿಸಿಯಾದಾಗ ಮುಳ್ಳು ಸಹಜವಾಗಿಯೇ ಏರುತ್ತದೆಂಬುದು ಅವನಿಗೆ ತಿಳಿಯದು. ಅದು ಇಪ್ಪತ್ನಾಲ್ಕರ ಮೇಲೆ ನಿಂತಿತ್ತು. ಅಷ್ಟು ಎತ್ತರದಲ್ಲಿ ಅವನು ಅದನ್ನು ಎಂದೂ ಕಂಡಿರಲಿಲ್ಲ. ಮೇಲೆ ಮೊಮ್ಮಗಳ ಕೋಣೆಯ ಕಡೆಯ ಕೊಳವೆ ಬಡಿಯಿತು. ಅವನು ನೀರು ಹೊರಬಿಡುವ ವಾಲ್ವಿನ ಗುಂಡು ಹಿಡಿಕೆಯನ್ನು ತಿರುಗಿಸಿದ.

ಮುಳ್ಳು ಇಳಿಯಿತು. ಹಿಡಿಕೆಯನ್ನು ವಾಪಸ್ಸು ತಿರುಗಿಸಿದ; ಅದು ಸುಮ್ಮನೆ ಸುತ್ತಿತು. ಹಳೆಯ ಬಾಯ್ಲರಿನ ಕಾಲದ ವಾಷರ್ ಒಳಗೆ ಹರಿದುಹೋಗಿತ್ತು. ನೀರು ನಿಲ್ಲಲಿಲ್ಲ.

"ಸ್ಮಿತಾ! ಏ ಸ್ಮಿತಾ, ಬಾರವಾ!"

ಅವಳು ಓಡಿ ಇಳಿಯುವಷ್ಟರಲ್ಲಿ ಕಪ್ಪು ನೀರು ಸಿಮೆಂಟಿನ ನೆಲದ ತುಂಬ ಹರಡಿತ್ತು. ಆವಿ ಏಳುತ್ತಿತ್ತು. ಅವಳು ಬಟ್ಟೆ ಸುತ್ತಿ ಹಿಡಿಕೆ ಬಿಗಿದು ನೋಡಿದಳು. ಬಾಯ್ಲರ್ ಮೂರು ಸಲ ಕೂಗಿ ಬಂದ್ ಆಯಿತು. ಹೊರಗೆ ಹಿಮದ ಮಷಿನ್ನಿನ ಸದ್ದೂ ನಿಂತಿತು. ಇಬ್ಬರೂ ಮೆಟ್ಟಿಲ ಕಡೆ ನೋಡಿದರು.

ಸಂಗಮೇಶ್ ಬೂಟು ಬಿಚ್ಚದೆ ಇಳಿದು ಬಂದ. ನೀರು ನೋಡಿದ, ಗೇಜು ನೋಡಿದ, ವಾಲ್ವಿನ ಮೇಲಿದ್ದ ತಂದೆಯ ಕೈ ನೋಡಿದ.

"ನೀನಾ?" ಎಂದ. ತಂದೆಯನ್ನು ಅವನು ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾ ಸೂರು ಒಡದೆ. ನೀ ಕೂತು ನೋಡಿದಿ."

"ಮಗಳ ಕೈನೂ ಮುರೀತಿದ್ರಿ" ಎಂದಳು ಸ್ಮಿತಾ. "ಮೊದಲು ಮೇನ್ ವಾಲ್ವ್ ಬಂದ್ ಮಾಡಿ. ಮಾತು ಆಮೇಲೆ."

ಅವನು ಅವಳ ಕುತ್ತಿಗೆ ಹಿಡಿದು ಎಸೆದ. ಅವಳ ಬೆನ್ನು ಸಾಮಾನಿನ ಕಪಾಟಿಗೆ ಬಡಿಯಿತು. ಬಣ್ಣದ ಡಬ್ಬಿಗಳು ಉರುಳಿದವು. ಗೋಡೆಯ ಮೇಲೆ ತೂಗುತ್ತಿದ್ದ ದೊಡ್ಡ ಪೈಪ್ ರೆಂಚು ಕಳಚಿ ನೀರಿಗೆ ಬಿತ್ತು. ಅವಳು ಏಳಲು ನೋಡಿದಳು, ಉಸಿರು ಬರಲಿಲ್ಲ.

ಸಂಗಮೇಶ್ ತಂದೆಯ ಮುಂಗೈ ಹಿಡಿದು ವಾಲ್ವಿನ ಬಾಯಿಗೆ ಒಡ್ಡಿದ.

"ಪ್ರೆಶರ್ ನೋಡ್ತೀಯಾ? ನೋಡು. ಗೇಜು ಬ್ಯಾಡ, ಕೈಲೆ ನೋಡು."

ಶರಣಪ್ಪ ಕಿರುಚಿದ. ಕಣ್ಣು ಮುಚ್ಚಿಕೊಂಡು, ಮೊಣಕಾಲೂರಿ, ಕೈ ಎಳೆದುಕೊಳ್ಳಲು ಒದ್ದಾಡಿದ. ಸಂಗಮೇಶ್ ಇನ್ನೊಂದು ಕೈಯಿಂದ ಅವನ ಕತ್ತನ್ನು ಒತ್ತಿ ಹಿಡಿದಿದ್ದ. ಮೇಲೆ ಮೇಧಾಳ ಬಾಗಿಲು ತೆರೆದ ಸದ್ದಾಯಿತು. ಅವಳು ತಾಯಿಯ ಫೋನಿನಲ್ಲಿ ಪೊಲೀಸರಿಗೆ ಮನೆಯ ವಿಳಾಸ ಹೇಳುತ್ತಿದ್ದಳು.

"ಬಿಡೋ ಸಂಗೂ."

ಜಯದೇವಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಮೊಣಕೈವರೆಗೂ ಜೋಳದ ಹಿಟ್ಟು.

"ಬಿಡು ಅಂದೆ."

ಅವನು ತಿರುಗಿಯೂ ನೋಡಲಿಲ್ಲ.

"ಬಿಡೋ."

ಅವಳು ನೀರಿನಲ್ಲಿ ನಡೆದು ಬಂದಳು. ಬಗ್ಗಿ ಪೈಪ್ ರೆಂಚನ್ನು ಎರಡೂ ಕೈಯಿಂದ ಎತ್ತಿದಳು. ಭಾರಕ್ಕೆ ಒಮ್ಮೆ ಓಲಾಡಿದಳು. ಆಮೇಲೆ ಒನಕೆ ಎತ್ತುವ ಹಾಗೆ ಭುಜದವರೆಗೆ ಎತ್ತಿ ಹಿಂದಿನಿಂದ ಬೀಸಿದಳು. ಅದು ಮಗನ ಕಿವಿಯ ಕೆಳಗೆ, ದವಡೆಯ ಮೂಳೆಗೆ ಬಡಿಯಿತು. ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಸಂಗಮೇಶ್ ತಂದೆಯ ಕೈ ಬಿಟ್ಟು, ಒಂದು ಹೆಜ್ಜೆ ಹಾಕಿ, ಮುಖ ಅಡಿಯಾಗಿ ಬಿದ್ದ.

ರೆಂಚು ಅವಳ ಕೈಯಿಂದ ಜಾರಿತು. ಅವಳು ಅಂಗೈಗಳನ್ನು ನೋಡಿಕೊಂಡಳು. ಬಗ್ಗಿ ಮಗನ ಮುಖವನ್ನು ನೀರಿನಿಂದ ಎತ್ತಿ ಪಕ್ಕಕ್ಕೆ ತಿರುಗಿಸಿದಳು. ಅವನು ಉಸಿರಾಡುತ್ತಿದ್ದ.

"ಒಲಿ ಮ್ಯಾಲ ರೊಟ್ಟಿ ಅದ" ಎಂದು ಯಾರಿಗೂ ಅಲ್ಲದೆ ಹೇಳಿ ಮೆಟ್ಟಿಲು ಹತ್ತಿದಳು.

ಸ್ಮಿತಾ ಎದ್ದಳು. ಬಾಯ್ಲರಿನ ಎರಡೂ ಕಡೆಯ ವಾಲ್ವುಗಳನ್ನು ಮುಚ್ಚಿದಳು, ನೀರು ನಿಂತಿತು. ಮಾವನನ್ನು ಸಿಂಕಿನ ಬಳಿಗೆ ಎಳೆದೊಯ್ದು ಕೈಯನ್ನು ತಣ್ಣೀರಿನ ಕೆಳಗೆ ಹಿಡಿಸಿದಳು. ಚರ್ಮ ಬೆಳ್ಳಗಾಗಿ ಎದ್ದುಬಂದಿತ್ತು. ಅವನು ಇನ್ನೂ ಕಣ್ಣು ತೆರೆದಿರಲಿಲ್ಲ.

"ಏನಾತು? ಯಾಕ ಬಿಟ್ಟ?" ಎಂದು ಕೇಳುತ್ತಿದ್ದ.

ಮೇಧಾ ಮೆಟ್ಟಿಲ ಮೇಲಿನಿಂದ ಕೂಗಿದಳು. "ಮಾಮ್! ಈಸ್ ಹಿ ಡೆಡ್?"

"ಇಲ್ಲ. ಮೇಲೇ ಇರು. ಮುಂದಿನ ಬಾಗಿಲು ತೆಗಿ."

ನೀರಿನಲ್ಲಿ ಬಿದ್ದಿದ್ದ ರೆಂಚನ್ನು ಸ್ಮಿತಾ ಎತ್ತಿಕೊಂಡಳು. ಹಿಡಿಕೆಯ ಗೀರುಗಳೊಳಗೆ ನಾದಿದ ಹಿಟ್ಟು ಅಂಟಿ ನಿಂತಿತ್ತು. ಬೆರಳುಗಳ ಅಚ್ಚು ಇತ್ತು. 'ಸೈರನ್ ಕೇಳಿಸುತ್ತಿದೆಯೇ' ಎಂದು ಒಂದು ಕ್ಷಣ ಆಲಿಸಿದಳು. ಆಮೇಲೆ ಮಾವನ ಕೈಯ ಪಕ್ಕದಲ್ಲೇ, ಅದೇ ನಲ್ಲಿಯ ಕೆಳಗೆ, ಹಿಡಿಕೆಯನ್ನು ಉಗುರಿನಿಂದ ಕೆರೆದು ತೊಳೆದಳು. ಒರೆಸಿ ಗೋಡೆಯ ಮೇಲೆ ಅದರ ಮೊಳೆಗೆ ತೂಗುಹಾಕಿದಳು.

ಬಂದ ಪೊಲೀಸರಲ್ಲಿ ಒಬ್ಬಳು ಹೆಂಗಸು. ಸ್ಮಿತಾಳನ್ನು ಊಟದ ಮೇಜಿನ ಬಳಿ, ಸೂರಿನ ತೂತುಗಳ ಕೆಳಗೆ ಕೂರಿಸಿ ಕೇಳಿದಳು. ಸ್ಮಿತಾ ಎಲ್ಲವನ್ನೂ ಹೇಳಿದಳು. ಮಾವನ ಕೈಯನ್ನು ಗಂಡ ಕುದಿನೀರಿಗೆ ಹಿಡಿದದ್ದು. ತನ್ನ ಕುತ್ತಿಗೆ, ತುಟಿ. ಮಗಳ ತೋಳು. ಸ್ಕೂಲಿನಲ್ಲಿ ತಾನು ಹೇಳಿದ್ದು ಸುಳ್ಳು ಎಂಬುದು. ಒಂದೊಂದು ಶಬ್ದವನ್ನೂ ಆರಿಸಿ, ನಿಧಾನವಾಗಿ ಹೇಳಿದಳು. ಮೇಧಾ ಬಾಗಿಲಲ್ಲಿ ನಿಂತು ಕೇಳಿದಳು; ಮಧ್ಯದಲ್ಲಿ ಬಂದು ತಾಯಿಯ ಕುರ್ಚಿಯ ಹಿಂದೆ ನಿಂತಳು.

"ನಿಮ್ಮ ಗಂಡನಿಗೆ ಏಟಾದದ್ದು ಹೇಗೆ?"

ಸಂಗಮೇಶನನ್ನು ಸ್ಟ್ರೆಚರ್ ಮೇಲೆ ಆಗಷ್ಟೇ ಮೇಲೆ ತಂದಿದ್ದರು. ದವಡೆಗೆ ಪಟ್ಟಿ ಸುತ್ತಿದ್ದರು. ಅವನಿಗೆ ಪ್ರಜ್ಞೆ ಬಂದಿತ್ತು, ಮಾತು ಬರುತ್ತಿರಲಿಲ್ಲ. ಕಣ್ಣು ಅವಳ ಮೇಲೆಯೇ ಇತ್ತು.

"ಬೇಸ್‌ಮೆಂಟ್ ನೆಲ ಒದ್ದೆ ಇತ್ತು" ಎಂದಳು ಸ್ಮಿತಾ ಇಂಗ್ಲಿಷಿನಲ್ಲಿ. "ಜಾರಿದರು."

ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಧಿಕಾರಿಣಿ ಬರೆದುಕೊಂಡಳು. ಸ್ಟ್ರೆಚರ್ ಹೊರಗೆ ಹೋಯಿತು. ಅದರ ಹಿಂದೆ ಇನ್ನೊಂದು ಗಾಡಿಯಲ್ಲಿ ಶರಣಪ್ಪನನ್ನು ಕರೆದೊಯ್ದರು.

ಮನೆ ತಣ್ಣಗಾಗುತ್ತಿತ್ತು. ಮೇಧಾ ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೋಗಲು ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದಳು. ಅಡಿಗೆಮನೆಯಲ್ಲಿ ಜಯದೇವಿ ಒಲೆ ಆರಿಸಿ, ಸೀದುಹೋದ ರೊಟ್ಟಿಯ ಕಪ್ಪನ್ನು ಚಾಕುವಿನಿಂದ ಹೆರೆಯುತ್ತ ನಿಂತಿದ್ದಳು. ಸೊಸೆ ಒಳಗೆ ಬಂದರೂ ತಿರುಗಲಿಲ್ಲ.

"ಕಪಾಟಿಗೆ ಬಡಿದು ಬಿದ್ದಿದ್ದಿ" ಎಂದಳು. "ಅಲ್ಲಿಂದ ನಿನಗ ಏನರ ಕಂಡಿತೇನು?"

ಸ್ಮಿತಾ ಅತ್ತೆಯ ಕೈಗಳನ್ನು ನೋಡಿದಳು. ಬೆರಳ ಸಂದುಗಳಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಬಾಯ್ಲರಿನ ಕಪ್ಪು. ನಾಳೆ ಶೈಲಾ ಫೋನ್ ಮಾಡುತ್ತಾಳೆ. ಮೇಧಾ ಕಾರಿನಲ್ಲೇ ಕೇಳುತ್ತಾಳೆ. ಮಾವ ಕೇಳುತ್ತಾನೆ. ದವಡೆ ಕೂಡಿಕೊಂಡ ಮೇಲೆ ಅವನೂ ಕೇಳುತ್ತಾನೆ. ಅವರಲ್ಲಿ ಯಾರಿಗೂ ಹೇಳುವುದಿಲ್ಲ. ಇವಳಿಗೂ ಇಲ್ಲ.

"ಇಲ್ಲ ಅತ್ತೆ. ಕಣ್ಣು ಕತ್ತಲೆ ಬಂದಿತ್ತು." ಅವಳು ನಲ್ಲಿ ತಿರುಗಿಸಿದಳು. ಬಿಸಿನೀರು ಇರಲಿಲ್ಲ. "ಕೈ ತೊಳ್ಕೊಳ್ಳಿ, ಹೊರಡೋಣ."